ಹಗ್ಗ ಹಿಡಿದವರ ಪಾಲು

ಕುಮಟಾ
೨೬-೧೧-೧೯೭೬

ಪ್ರೀತಿಯ ರೂತ್‌ಗೆ,

ನಿನ್ನ ಮಾರ್ಥಾ ಅತ್ತೆಯ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಅತ್ತೆ ಉತ್ತರವನ್ನೇ ಬರೆಯಲಿಲ್ಲವೆಂದು ಸಿಟ್ಟಾಗಿರುತ್ತೀಯ. ಆಗು, ತಪ್ಪು ನನ್ನದೇ. ಆದರೆ ಬರಿಗೈಯಲ್ಲಿ ಕೂತು ಸಮಾಧಾನ ಬರೆಯುವುದು ನನ್ನಿಂದಾಗದ ಕೆಲಸ. ಇಪ್ಪತ್ತೈದು ವರ್ಷ ಹೆರಿಗೆ ಮಾಡಿಸಿದ ನರ್ಸು ನಾನು, ಮಗು ಅತ್ತ ಮೇಲೆಯೇ ಮಾತಾಡುವ ಅಭ್ಯಾಸ.

ಮೊದಲು ಸುದ್ದಿ. ನೀನು ಓದು ಬಿಡಬೇಕಾಗಿಲ್ಲ. ನಿಮ್ಮ ಪ್ರಿನ್ಸಿಪಾಲರು ಕೇಳಿದ ಪತ್ರ ಈ ಲಕೋಟೆಯಲ್ಲೇ ಇದೆ. ಒಮ್ಮೆ ಉಸಿರು ಬಿಡು, ಆಮೇಲೆ ಮುಂದೆ ಓದು.

ನೀನು ಬರೆದದ್ದು ಹೀಗೆ: ಧಾರೇಶ್ವರದಲ್ಲಿ ಎರಡು ತಿಂಗಳು ಮೀನುಗಾರರ ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸಿದೆ, ಕೊನೆಯ ಎರಡು ವಾರ ಒಬ್ಬಳೂ ಬರಲಿಲ್ಲ, ಜಾತಿ ಕೆಡಿಸಲು ಬಂದವಳೆಂದು ಹೆದರಿರಬೇಕು, ಊರವರ ಪತ್ರವಿಲ್ಲದೆ ಕೊನೆಯ ವರ್ಷಕ್ಕೆ ಸೇರಿಸುವುದಿಲ್ಲ, ದೇವರು ನನ್ನನ್ನು ಈ ಸೇವೆಗೆ ಕರೆದೇ ಇಲ್ಲ, ಊರಿಗೆ ಬಂದುಬಿಡುತ್ತೇನೆ, ಅಪ್ಪನಿಗೆ ನೀವೇ ಹೇಳಿ. ದೇವರ ಮನಸ್ಸು ನಿನಗೆ ಇಷ್ಟು ಬೇಗ ತಿಳಿಯುವುದಾದರೆ ಆ ಕಾಲೇಜಿನಲ್ಲಿ ದೈವಶಾಸ್ತ್ರ ಅಂತ ಕಲಿಯುವುದಕ್ಕೆ ಇನ್ನೇನು ಉಳಿಯಿತು? ನಿನ್ನ ಅಪ್ಪನಿಗೆ ನಾನು ಏನೂ ಹೇಳಿಲ್ಲ. ಅವನು ಆರಾಮಾಗಿ ನಿದ್ದೆ ಮಾಡುತ್ತಿದ್ದಾನೆ.

ಧಾರೇಶ್ವರಕ್ಕೆ ಮೂರು ಸಲ ಹೋದೆ. ಮೊದಲ ಸಲ ಈರಮ್ಮ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಅವಳ ಮಗಳು, ನಿನ್ನ ಶಿಷ್ಯೆ ಕಮಲಿ, ಹುಟ್ಟಿದ್ದು ನನ್ನ ಕೈಯಲ್ಲಿ, ಅಂಥ ನನಗೆ ಒಂದು ಲೋಟ ನೀರಿಲ್ಲ. ಎರಡನೆಯ ಸಲ ಹಟ ಹಿಡಿದು ಜಗಲಿಯಲ್ಲಿ ಕೂತುಬಿಟ್ಟೆ. ಆಗ ಬಾಯಿ ಬಿಟ್ಟಳು.

"ನಿಮ್ಮ ಹುಡ್ಗಿ ರಂಪಣಿ ಬಲೆ ಎಳೂಕೆ ಬಂದಿತ್ತು. ಹಗ್ಗ ಹಿಡ್ದವ್ರಿಗೆಲ್ಲಾ ಪಾಲು ಅದೆ ನರ್ಸಬಾಯಿ, ದಾರೀಲಿ ಹೋಗೂರು ಹಿಡದ್ರೂ ಅದೆ. ನಾ ಬಂಗಡೆ ಕೊಟ್ಟೆ. ಅವ್ಳು ಬ್ಯಾಡ ಅಂದ್ಲು, ಎಲ್ರ ಎದ್ರಿಗೆ ಮರಳ ಮೇಲೆ ಬಿಟ್ಟು ಹೋದ್ಲು. ನಮ್ಮ ಮೀನು ಬ್ಯಾಡಾದವ್ಳಿಗೆ ನಮ್ಮ ಮಕ್ಳು ಎಂತಕೆ?"

ಜಾತಿಯೂ ಅಲ್ಲ, ಧರ್ಮವೂ ಅಲ್ಲ, ಬಂಗಡೆ! ನನಗೆ ನಗು ತಡೆಯಲಾಗಲಿಲ್ಲ. ಸೇವೆಗೆ ಹೋದವರು ಬಡವರಿಂದ ಏನೂ ತೆಗೆದುಕೊಳ್ಳಬಾರದೆಂದು ನಿಮಗೆ ಕಲಿಸಿದ್ದಾರೆ, ನೀನು ಪಾಠ ಒಪ್ಪಿಸಿ ಬಂದಿದ್ದೀಯ. ಈರಮ್ಮನಿಗೆ ಹೇಳಿದೆ, ಮೀನು ತೆಗೆದುಕೊಂಡರೆ ನಿಮ್ಮ ಮಕ್ಕಳ ಊಟ ಕಸಿದುಕೊಂಡಂತಾಗುತ್ತದೆ ಎಂದುಕೊಂಡಿರಬೇಕು ನಮ್ಮ ಹುಡುಗಿ ಅಂತ. "ಹಂಗಾರೆ ಅವ್ಳು ಕೊಡೂಕೆ ಮಾತ್ರ ಬಂದವ್ಳಾ? ನಾವು ಬೇಡೂರಾ?" ಎಂದಳು. ಅದಕ್ಕೆ ಉತ್ತರ ನಿನ್ನ ಪುಸ್ತಕಗಳಲ್ಲಿದ್ದರೆ ಹುಡುಕು.

ಮೂರನೆಯ ಸಲ ಮೊನ್ನೆ ಬೆಳಿಗ್ಗೆ ಹೋದಾಗ ಊರವರೆಲ್ಲ ದಡದಲ್ಲಿ ನಿಂತು ಆ ದೊಡ್ಡ ರಂಪಣಿ ಬಲೆ ಎಳೆಯುತ್ತಿದ್ದರು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಈರಮ್ಮನ ಹಿಂದೆ ನಾನೂ ಹಗ್ಗ ಹಿಡಿದೆ. ಐವತ್ತು ವರ್ಷದ ಸೊಂಟ ಇನ್ನೂ ನನ್ನನ್ನು ಬೈಯುತ್ತಿದೆ. ಮೀನು ಹಂಚುವಾಗ ಬಲೆಯ ಹಿರಿಯ ಮಾಬ್ಲ ನನ್ನ ಮುಂದೆ ಎರಡು ಪಾಲು ಇಟ್ಟ. "ಒಂದು ನಿಮ್ದು, ಒಂದು ಆ ಹುಡ್ಗೀದು. ಈಗಾದ್ರೂ ತಕಂಡು ಹೋಗಿ" ಎಂದ. ಎರಡನ್ನೂ ತೆಗೆದುಕೊಂಡೆ. ಈರಮ್ಮ ಚಾ ಮಾಡಿ ಕೊಟ್ಟಳು.

ಪತ್ರ ಬರೆದವಳು ಕಮಲಿ. ಎರಡನೇ ಇಯತ್ತೆಗೆ ಶಾಲೆ ಬಿಟ್ಟಿದ್ದವಳಿಗೆ ಮತ್ತೆ ಅಕ್ಷರ ಹಿಡಿಸಿದವಳು ನೀನು, ತಪ್ಪುಗಳಿದ್ದರೆ ನಿನ್ನವೇ. ಮಾಬ್ಲ ಹೇಳಿದ, ಅವಳು ಬರೆದಳು, ಕೆಳಗೆ ಅವನು ಹೆಬ್ಬೆಟ್ಟು ಒತ್ತಿದ: "ರೂತಕ್ಕ ಒಳ್ಳೆಯವಳು. ಮತ್ತೆ ಬರಲಿ. ಬಂದರೆ ಮೀನು ತಿನ್ನಬೇಕು." ಪ್ರಿನ್ಸಿಪಾಲರು ಓದಿ ಏನೆಂದುಕೊಳ್ಳುತ್ತಾರೋ, ನಾನಂತೂ ಒಂದಕ್ಷರ ತಿದ್ದಿಲ್ಲ.

ಬಸ್ಸಿನಲ್ಲಿ ಮೀನಿನ ಚೀಲ ಸೋರಿ, ಪಕ್ಕದಲ್ಲಿ ಕೂತಿದ್ದ ಸಂತೆಗುಳಿಯ ಭಟ್ಟರು ಪಾಪ, ಕುಮಟೆಯವರೆಗೆ ನಿಂತೇ ಬಂದರು. ನನಗೆ ನಾಚಿಕೆಯೂ ಆಗಲಿಲ್ಲ. ಅಷ್ಟು ಹಗುರಾಗಿತ್ತು ಮನಸ್ಸು.

ಗ್ರೀಕ್ ಪರೀಕ್ಷೆ ಹತ್ತಿರ ಬಂತಲ್ಲ, ಊಟ ಬಿಟ್ಟು ಓದಬೇಡ. ಕ್ರಿಸ್ಮಸ್‌ಗೆ ಬರುವಾಗ ಮೊದಲು ಧಾರೇಶ್ವರದಲ್ಲಿ ಇಳಿ, ಆಮೇಲೆ ಮನೆಗೆ ಬಾ. ಕರ್ತನು ನಿನ್ನ ಕೈಹಿಡಿದು ನಡೆಸಲಿ.

ನಿನ್ನ
ಮಾರ್ಥಾ ಅತ್ತೆ

ತಾ.ಕ.: ಲಕೋಟೆ ಅಂಟಿಸುವವಳಿದ್ದೆ, ಮನಸ್ಸು ಬಿಡಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನೂ ನಮ್ಮ ಪಾದ್ರಿಗಳ ಮುಂದೆ ನಿಂತು, ದೈವಶಾಸ್ತ್ರ ಓದಲು ಕಳಿಸಿ ಎಂದು ಕೇಳಿದ್ದೆ. "ಹೆಣ್ಮಕ್ಕಳಿಗೆ ಅದೆಂತಕೆ? ನರ್ಸಿಂಗಿಗೆ ಕಳಿಸ್ತೆ, ಹೋಗು" ಎಂದರು. ಆತು ಎಂದು ಬಂದೆ. ಇದು ನಿನ್ನ ಅಪ್ಪನಿಗೂ ಗೊತ್ತಿಲ್ಲ. ನೀನು ಓದು ಬಿಡುತ್ತೇನೆಂದು ಬರೆದದ್ದನ್ನು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ನನಗೆ ಸಿಗದಿದ್ದದ್ದು ಇವಳಿಗೂ ಸಿಗಲಿಲ್ಲ ಎಂಬ ಸಂತೋಷ. ಒಂದು ಕ್ಷಣದ್ದೇ, ಆದರೆ ನಿಜ. ಅದಕ್ಕೆ ಹೆದರಿಯೇ ಮರುದಿನ ಮೊದಲ ಬಸ್ಸು ಹತ್ತಿದ್ದು. ಇದಕ್ಕೆ ಉತ್ತರ ಬರೆಯಬೇಡ. ಪರೀಕ್ಷೆಗೆ ಓದು.