ಶಾಂಭವಿಯ ಹಿಂದೆ ಯಾರೂ ಕೂತಿಲ್ಲ

ಅಧಿಕ ಜೂನ್ ೩೮, ೨೩೧೪
ಫಸ್ಟ್ ಇಯರ್ ಹಾಸ್ಟೆಲ್, ಹೊಸ ಧಾರವಾಡ

ಮಾನ್ಯ ಅಂಬುಜಾಕ್ಷಿ ಮೇಡಂ ಅವರಿಗೆ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನೀವು ತೀರಿಕೊಂಡು ಎಷ್ಟೋ ತಲೆಮಾರಾಯಿತು, ಡಿಸ್ಟರ್ಬ್ ಮಾಡಬಾರದು. ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷ್. ಕೆಲವು ಮಾತು ವಿಚಿತ್ರ ಅನ್ನಿಸಬಹುದು. ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ, ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಡಬ್ಬಿ ಅದು. ನಿಮ್ಮ ರಿಸರ್ಚ್ ಪೇಪರ್ ಪ್ರಿಂಟಿಗೆ ಹೋಗುವ ಮುಂಚೆ ನಿಮಗೆ ಸಿಕ್ಕಬೇಕು.

ಕೋತಿಗಳು ಒಂದರ ತಲೆಯ ಹೇನನ್ನು ಇನ್ನೊಂದು ಹೆಕ್ಕಿ ಸ್ನೇಹ ಉಳಿಸಿಕೊಳ್ಳುತ್ತವೆ, ಮನುಷ್ಯರೂ ಅದನ್ನು ಬಿಟ್ಟಿಲ್ಲ ಎಂಬ ನಿಮ್ಮ ಸೈಕಾಲಜಿ ಪೇಪರನ್ನು ನಮಗೆ ಬಾಯಿಪಾಠ ಮಾಡಿಸುತ್ತಾರೆ. ಲೇಡೀಸ್ ಹಾಸ್ಟೆಲಿನಲ್ಲಿ ಯಾರು ಯಾರಿಗೆ ಜಡೆ ಹಾಕುತ್ತಾರೆಂದು ನೋಡಿದಿರಂತೆ. ಯಾರೂ ಜಡೆ ಹಾಕದ ಒಬ್ಬ ಹುಡುಗಿಯನ್ನು ಆಮೇಲೆ ಊಟಕ್ಕೂ ಯಾರೂ ಕರೆಯಲಿಲ್ಲವಂತೆ. ನಿಮಗೆ ಅದು ಅಬ್ಸರ್ವೇಶನ್. ನಮಗೆ ಕಾನೂನು.

ಸಂಜೆ ಟಿಫಿನ್ ಆದ ಮೇಲೆ ಕಾರಿಡಾರಿನಲ್ಲಿ ಒಬ್ಬರ ಹಿಂದೊಬ್ಬರು ಕೂತು ಮುಂದಿನವರ ತಲೆಗೆ ಎಣ್ಣೆ ಹಚ್ಚಬೇಕು. ಇದು ತಲೆಸರದಿ. ಹುಡುಗರ ಬ್ಲಾಕಿನಲ್ಲೂ ಇದೆ, ಬೋಳುತಲೆಯವರೂ ಕೂರುತ್ತಾರೆ. ಯಾರ ಹಿಂದೆ ಕೂರಬೇಕೆನ್ನುವುದು ಅವರವರ ಇಷ್ಟ. ವಾರವಿಡೀ ಯಾರೂ ಎಣ್ಣೆ ಹಚ್ಚದಿದ್ದರೆ ನೀವು ಒಣತಲೆ. ಒಣತಲೆಯವರನ್ನು ಊರಿನ ಗೋಡೆಯಾಚೆ ಬಿಡುತ್ತಾರೆ, ವಾಪಸ್ ಬಂದವರಿಲ್ಲ. ವಿಕಾಸ ಅಂದರೆ ಹೀಗೇ ಅನ್ನುತ್ತಾರೆ ವಾರ್ಡನ್, ಮೆಸ್ ಮೆನು ಓದಿದ ಹಾಗೆ.

ನನ್ನ ರೂಮ್‌ಮೇಟ್ ಶಾಂಭವಿ ನಿದ್ದೆಯಲ್ಲಿ ಮಾತಾಡುತ್ತಾಳೆ, ಜೋಕ್ ಮುಗಿದು ಸ್ವಲ್ಪ ಹೊತ್ತಾದ ಮೇಲೆ ನಗುತ್ತಾಳೆ. ಅಷ್ಟೇ ಅವಳ ತಪ್ಪು. ಸೋಮವಾರದಿಂದ ಅವಳ ಹಿಂದೆ ಯಾರೂ ಕೂತಿಲ್ಲ. "ಏನೇ ಶಾಂಭವಿ, ನಿನ್ನ ಸರದಿ ಬರೋ ಹೊತ್ತಿಗೇ ಎಣ್ಣೆ ಖಾಲಿಯಾಗುತ್ತಲ್ಲ?" ಅಂದರು ಸೀನಿಯರ್ ಪಾರಿಜಾತಕ್ಕ. ಎಲ್ಲರೂ ನಕ್ಕರು. ಶಾಂಭವಿಯೂ ನಕ್ಕಳು, ಲೇಟಾಗಿ.

ನೀನೇ ಹಚ್ಚಬಹುದಲ್ಲ ಅಂತೀರಿ. ಹಾಗೆ ಹಚ್ಚಿದವರ ಹಿಂದೆ ಆಮೇಲೆ ಯಾರೂ ಕೂರುವುದಿಲ್ಲ ಮೇಡಂ. ನಿನ್ನೆ ಎದ್ದು ಅವಳ ಕಡೆ ಹೊರಟಿದ್ದೆ. ಪಾರಿಜಾತಕ್ಕ ನನ್ನನ್ನೇ ನೋಡಿದರು. ಸೀದಾ ಬಾತ್‌ರೂಮಿಗೆ ಹೋಗಿಬಿಟ್ಟೆ.

ನಿಮ್ಮ ಪೇಪರ್ ಆ ಹಾಸ್ಟೆಲಿನ ಪರೀಕ್ಷೆ ವಾರದವರೆಗೆ ಬಂದು ಅಲ್ಲಿಗೇ ನಿಂತುಬಿಡುತ್ತದೆ. ಆಮೇಲೆ ಆ ಹುಡುಗಿಗೆ ಏನಾಯಿತು? ಯಾರಾದರೂ ಒಬ್ಬರು ಜಡೆ ಹಾಕಿದರಾ? ಹಾಕಿದವರು ಉಳಿದರಾ? ಹೌದು ಎಂದಾದರೆ ಅದನ್ನೂ ಒಂದು ಸಾಲು ಸೇರಿಸಿ, ಇಲ್ಲಿ ಅದೂ ಕಾನೂನಾಗುತ್ತದೆ. ಇಲ್ಲ ಎಂದಾದರೂ ನನಗೊಬ್ಬಳಿಗೆ ಹೇಳಿ. ಹಿಂದಂಚೆಗೆ ಹಾಕಿದ ಯಾರಿಗೂ ಇದುವರೆಗೆ ಉತ್ತರ ಬಂದಿಲ್ಲ ಅಂತ ಗೊತ್ತು.

ಭಾನುವಾರ ಸಂಜೆಗೆ ಅವಳ ವಾರ ಮುಗಿಯುತ್ತದೆ. ದಯವಿಟ್ಟು ಅಷ್ಟರೊಳಗೆ ಉತ್ತರ ಬರೆಯಿರಿ.

ಇತಿ,
ಅನಘಾ