ನೇರಳೆ ಬಾಲದ ಹಕ್ಕಿ, ನಿನ್ನ ಅಂಗೈ

ನೆವಾರ್ಕ್
೧೪ ಜೂನ್ ೨೦೨೫

ಪ್ರೀತಿಯ ಮಗಳು ಇಂಚರಾಗೆ, ಅಪ್ಪನ ಆಶೀರ್ವಾದ.

ಅಮ್ಮ ಹೋದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಒಂದೂವರೆ ವರ್ಷ ತಡ, ಬೈದುಕೋ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಆಫೀಸಿನ ಮೇಲ್ ಥರ ಆಗುತ್ತದೆ. ಭಾನುವಾರಗಳಲ್ಲಿ ಅಮ್ಮ ಕೂರಿಸಿಕೊಂಡು ಕಲಿಸಿದ ಕನ್ನಡ ನಿನಗಿನ್ನೂ ಓದಲು ಬರುತ್ತದೆ ಎಂದು ನಂಬಿದ್ದೇನೆ.

ಮನೆಯಲ್ಲಿ ಎಲ್ಲ ಹಾಗೇ ಇದೆ. ನಾನು ರಿಟೈರ್ ಆಗಿ ಆರು ತಿಂಗಳಾಯಿತು. ಗ್ರೋಸರಿಗೆ ಹೋದರೆ ಈಗಲೂ ಇಬ್ಬರಿಗಾಗುವಷ್ಟು ಸೊಪ್ಪು ತರುತ್ತೇನೆ, ಅರ್ಧ ಕೊಳೆಯುತ್ತದೆ. ಕೆಲವು ದಿನ ಸಂಜೆ ಯಾರಾದರೂ ಫೋನ್ ಮಾಡಿದರೆ ದನಿಯೇ ಹೊರಡುವುದಿಲ್ಲ. ಬೆಳಗಿನಿಂದ ಬಾಯಿ ತೆರೆದಿರುವುದಿಲ್ಲ.

ಮಾರ್ಚಿನಲ್ಲಿ ಪಕ್ಕದ ಬೀದಿಯ ಜಯರಾಮ್ ಅಂಕಲ್ ಬಂದಿದ್ದರು. "ಗುರು, ನಿನ್ನ ಮಗಳು ಕೆಲಸ ಮಾಡೋ ಈಕ್ವೆಡಾರ್ ಕಾಡಿಂದ ಲೈವ್ ಕ್ಯಾಮೆರಾ ಬರುತ್ತೆ, ನೋಡಿಲ್ವೇನೋ?" ಎಂದು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟರು. ಅಂದಿನಿಂದ ಬೆಳಗಿನ ಕಾಫಿ ಅದರ ಮುಂದೆಯೇ. ಮರಗಳ ನಡುವೆ ಮೋಡ ನುಗ್ಗುತ್ತದೆ. ಸಕ್ಕರೆ ನೀರಿನ ಬಾಟಲಿಗೆ ಆ ಪುಟ್ಟ ಹಮ್ಮಿಂಗ್‌ಬರ್ಡ್ ಬರುತ್ತದೆ. ಹಸಿರು ನೆತ್ತಿ, ಮೈಗಿಂತ ಉದ್ದದ ನೇರಳೆ ಬಾಲ. ವಯಲೆಟ್-ಟೇಲ್ಡ್ ಸಿಲ್ಫ್ ಎಂದು ಹೆಸರು ಕಲಿತೆ. ನೀನು ಮೆಡಿಕಲ್ ಸ್ಕೂಲ್ ಬಿಟ್ಟು ಹೊರಟಾಗ, "ಹೆಸರು ಹೇಳೋಕೂ ಬಾರದ ಹಕ್ಕಿಗೋಸ್ಕರವಾ?" ಎಂದು ಕೂಗಾಡಿದ್ದೆ.

ದಿನಾ ಆರೂವರೆಗೆ ಬಾಟಲಿ ತುಂಬಲು ನಿನ್ನ ಕೈ ಬರುತ್ತದೆ. ಮೊಣಕೈವರೆಗೆ ಮಾತ್ರ ಕಾಣುತ್ತದೆ, ಹತ್ತು ಸೆಕೆಂಡು; ನಿನ್ನದೆಂದು ಗುರುತು ಸಿಗಲು ನನಗೆ ಅಷ್ಟು ಸಾಕು. ನಾನು ಕಾಯುವುದು ಅದಕ್ಕೆ.

ಕಳೆದ ಮಂಗಳವಾರ ಅಲ್ಲಿ ಮಳೆ, ಚಳಿ. ಒಂದು ಸಿಲ್ಫ್ ಕೊಂಬೆಯ ಮೇಲೆ ಮರಗಟ್ಟಿ ಕೂತಿತ್ತು. ಸತ್ತೇಹೋಯಿತು ಎಂದುಕೊಂಡೆ. ನಿನ್ನ ಕೈ ಬಂದು ಅದನ್ನೆತ್ತಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿತು. ಆಮೇಲೆ ಮೈಕಿನಲ್ಲಿ ನಿನ್ನ ದನಿ: "ಕುಡಿ ಪುಟ್ಟಾ, ಒಂದೇ ಒಂದು ಗುಟುಕು." ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ಆ ಹಕ್ಕಿಯ ಹತ್ತಿರ ಕನ್ನಡ ಮಾತಾಡಿದೆ! ನಿನಗೆ ಜ್ವರ ಬಂದಾಗ ಅಮ್ಮ ಹೇಳುತ್ತಿದ್ದ ಮಾತು, ಅದೇ ಧಾಟಿ. ಹಕ್ಕಿ ಕುಡಿಯಿತು, ಮೈ ಕೊಡವಿತು, ಹಾರಿತು. ನಾನು ಲೋಟ ಹಿಡಿದುಕೊಂಡೇ ಅತ್ತುಬಿಟ್ಟೆ. ಬರೆಯಲೇಬೇಕು ಎಂದು ಗಟ್ಟಿಮಾಡಿಕೊಂಡದ್ದು ಅವತ್ತು.

ನಿನ್ನ ಸ್ವೆಟರಿನ ತೋಳು ಒದ್ದೆಯಾಗಿದ್ದು ಕಂಡೆ. ಹಾಗೇ ಇರಬೇಡ, ಬದಲಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಬಂದ ಜೀವವೆಲ್ಲ ಹೀಗೇ ಚೇತರಿಸಿಕೊಳ್ಳಲಿ.

ನಿನ್ನ ಅಪ್ಪ,
ಗುರುಪ್ರಸಾದ

ತಾ.ಕ.: ಅಮ್ಮನದು ಒಂದೇ ದಿನದಲ್ಲಿ ಎಲ್ಲ ಆಗಿಹೋಯಿತು ಎಂದು ನಿನಗೆ ಹೇಳಿದ್ದೆ. ಸುಳ್ಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಫೋನು ಹಿಡಿಯುವಷ್ಟು ಶಕ್ತಿಯೂ ಅವಳಿಗಿರಲಿಲ್ಲ. "ಇಂಚರಾಗೆ ಫೋನ್ ಮಾಡಿದ್ರಾ?" ಎಂದು ದಿನಾ ಕೇಳುತ್ತಿದ್ದಳು. ನಿನ್ನ ಮೇಲಿನ ಸಿಟ್ಟಿಗೆ, "ಮಾಡಿದೆ, ತೆಗೀತಿಲ್ಲ" ಎನ್ನುತ್ತಿದ್ದೆ. "ಪಾಪ, ಕಾಡಲ್ಲಿ ಸಿಗ್ನಲ್ ಇರಲ್ಲ ಕಣ್ರೀ, ಇನ್ನೊಂದ್ಸಲ ನೋಡಿ" ಎನ್ನುತ್ತಿದ್ದಳು. ನಾನು ಫೋನು ಹಿಡಿದು ಹೊರಗೆ ಹೋಗಿ, ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತು, ಯಾರಿಗೂ ಮಾಡದೆ ಒಳಗೆ ಬರುತ್ತಿದ್ದೆ.