ಮೂರು ಪೌಂಡಿನ ಬಟ್ಟು ಮತ್ತು ಡೊರೀನಳ ಹೆಸರು

ಜಿಲ್ಲಾ ರಿಮ್‌ಫೈರ್ ರೈಫಲ್ ಸ್ಪರ್ಧೆಗಳ ನಿಯಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ಸತ್ತುಹೋದ ನನ್ನ ಹೆಂಡತಿಯ ಹೆಸರನ್ನು ನಿಮ್ಮ ಸುತ್ತೋಲೆಯಿಂದ ತೆಗೆಯಿರಿ. ಪತ್ರ ಉದ್ದವಿದೆ, ಉದ್ದದ ಪತ್ರಗಳನ್ನು ನೀವು ಕೊನೆಯವರೆಗೆ ಓದುವವರಲ್ಲವೆಂದು ಬಲ್ಲೆ. ಅದಕ್ಕೇ ಕೇಳಬೇಕಾದ್ದನ್ನು ಮೊದಲ ಸಾಲಿನಲ್ಲೇ ಕೇಳಿದ್ದೇನೆ.

ಏಪ್ರಿಲ್ ಎರಡನೇ ವಾರ ಸುತ್ತೋಲೆ ಬಂತು. ಈ ಬೇಸಿಗೆಯಿಂದ ಸಾಮಾನ್ಯ ವರ್ಗಕ್ಕೆ ಅಂಗಡಿಯಲ್ಲಿ ಕೊಂಡ ರೈಫಲನ್ನೇ ತರತಕ್ಕದ್ದು, ರಸೀದಿ ತೋರಿಸತಕ್ಕದ್ದು. ಬಿಡಿಭಾಗ ತರಿಸಿ ಮನೆಯಲ್ಲಿ ಕಟ್ಟಿದ ಅರೆ-ಸ್ವಯಂಚಾಲಿತ ರೈಫಲ್‌ಗಳನ್ನು "ಕಳೆದ ಸೆಪ್ಟೆಂಬರಿನ ಡೊರೀನ್ ಹಿಲ್ತುನೆನ್ ಪ್ರಕರಣದ ಹಿನ್ನೆಲೆಯಲ್ಲಿ" ನಿಷೇಧಿಸಲಾಗಿದೆ. ಎಂಥ ಅಚ್ಚುಕಟ್ಟಾದ ವಾಕ್ಯ! ರಸೀದಿ ಇದ್ದವನು ಪ್ರಾಮಾಣಿಕ, ಉಳಿ ಹಿಡಿದವನು ಕಳ್ಳ. ಇನ್ನು ಮೇಲೆ ನಡತೆ ಪತ್ರವನ್ನು ಪಾದ್ರಿಯಿಂದ ತರಬೇಕಾಗಿಲ್ಲ, ಅಂಗಡಿಯ ಗಲ್ಲಾದಲ್ಲೇ ಮುದ್ರಿಸಿ ಕೊಡುತ್ತಾರೆ.

ಹೋದ ತಿಂಗಳು ಲೂ ಗೆಸ್ಟಿಯ ಬಂದೂಕಿನ ಅಂಗಡಿಯಲ್ಲಿ ನಿಂತಿದ್ದೆ. ಹೊಸದಾಗಿ ಊರಿಗೆ ಬಂದ ದಂಪತಿ ಗೋಡೆಗೆ ತೂಗುಹಾಕಿದ ರೈಫಲ್‌ಗಳನ್ನು ನೋಡುತ್ತಿದ್ದರು. ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಬಿಟ್ಟಿ ಸಲಹೆ ಕೊಟ್ಟ: "ಕಟ್ಟೋ ಉಸಾಬರಿಗೆ ಹೋಗ್ಬೇಡಿ, ಕೊಂಡ್ಬಿಡಿ. ಡೊರೀನ್ ರೂಲು ಬಂದಿದೆ."

"ಡೊರೀನ್ ಅಂದ್ರೆ ಯಾರು?" ಎಂದಳು ಆಕೆ.

"ಯಾವುದೋ ಮುದುಕಿ. ಮೋಸ ಮಾಡಿ ಸಿಕ್ಹಾಕ್ಕೊಂಡಿದ್ಲಂತೆ."

ಲೂ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಗುಂಡಿನ ಡಬ್ಬಿಯನ್ನು ಕಪಾಟಿನಲ್ಲಿ ವಾಪಸ್ ಇಟ್ಟು ಹೊರಗೆ ಬಂದೆ.

ಆ ಮುದುಕಿ ಯಾರೆಂದು ಹೇಳುತ್ತೇನೆ ಕೇಳಿ. ಇಪ್ಪತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿದವಳು. ಮಿಕ್ಕ ಬಿಸ್ಕತ್ತು ಒಂದನ್ನೂ ಮನೆಗೆ ತಂದವಳಲ್ಲ. ಒಮ್ಮೆ ನಾನೇ ಆಸೆಪಟ್ಟು ಕೇಳಿದ್ದಕ್ಕೆ, "ನೀನು ಎಷ್ಟನೇ ಕ್ಲಾಸು?" ಎಂದು ಬಾಯಿ ಮುಚ್ಚಿಸಿದವಳು. ನಿವೃತ್ತಿಯಾದ ಮೇಲೆ ತನ್ನ ಅಕ್ಕನ ಹಳೆಯ ರೈಫಲ್ ಎರವಲು ತಂದು ಗುರಿ ಹೊಡೆಯಲು ಕಲಿತಳು, ನಾಲ್ಕೇ ತಿಂಗಳಲ್ಲಿ ನನ್ನನ್ನು ಹಿಂದೆ ಹಾಕಿದಳು. ಅದು ಪ್ರತಿ ಗುಂಡಿಗೂ ಚಿಲಕ ಎಳೆದು ತಳ್ಳಬೇಕಾದ ರೈಫಲ್. ಮೂರನೇ ವರ್ಷಕ್ಕೆ ಅವಳ ಬಲಗೈ ಆ ಚಿಲಕ ಎಳೆಯಲಾರದೆ ಸೋತಿತು. ವಯಸ್ಸು ಎಂದುಕೊಂಡೆವು. ವಯಸ್ಸಲ್ಲ, ನರಗಳು ಒಂದೊಂದಾಗಿ ಸಾಯುವ, ಔಷಧಿಯಿಲ್ಲದ ಕಾಯಿಲೆ ಎಂದು ಡಾಕ್ಟರು ಹೇಳುವಷ್ಟರಲ್ಲಿ ಇನ್ನೊಂದು ಚಳಿಗಾಲ ಕಳೆದಿತ್ತು.

ಟ್ರಿಗರ್ ಒತ್ತಿದರೆ ಸಾಕು, ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ರೈಫಲ್ ಬೇಕಾಯಿತು. ಆ ಸೆಪ್ಟೆಂಬರಿಗೂ ಹಿಂದಿನ ವರ್ಷದ ಮೇ ತಿಂಗಳಲ್ಲಿ ಇಬ್ಬರೂ ಲೂನ ಅಂಗಡಿಗೆ ಹೋದೆವು. ಡೊರೀನ್ ಗೋಡೆಯಿಂದ ಒಂದನ್ನು ಇಳಿಸಿ ಹೆಗಲಿಗಿಟ್ಟು ನೋಡಿದಳು.

"ಇದೇ ಸಾಕು ಕಣೋ ಆರ್ನಿ. ಬರೋ ಶನಿವಾರಾನೇ ಹೊಡೀತೀನಿ."

"ಇದಾ? ಟ್ರಿಗರ್ ನೋಡು, ಜಲ್ಲಿ ಮೇಲೆ ಮಂಚ ಎಳ್ದಂಗಿದೆ. ಇರು, ನಾನೇ ಒಂದು ಕಟ್ಕೊಡ್ತೀನಿ."

"ಡೊರೀನ್, ನಿಮ್ಮನೆ ಅಡುಗೆಮನೆ ಡ್ರಾಯರ್ ಸರಿ ಮಾಡ್ತೀನಿ ಅಂತ ಇವನು ಮಾತು ಕೊಟ್ಟಿದ್ದು ಯಾವಾಗ?" ಎಂದ ಲೂ.

"ಮದುವೆಯಾದ ಎರಡನೇ ವರ್ಷ. ಈಗ ನಲವತ್ತೊಂದನೇದು ನಡೀತಿದೆ."

ಇಬ್ಬರೂ ನಕ್ಕರು. ಗಣಿಯ ಕಾರ್ಯಾಗಾರದಲ್ಲಿ ಮೂವತ್ತಾರು ವರ್ಷ ಕಬ್ಬಿಣ ಕಡೆದ ಗಂಡಸಿಗೆ ಆ ನಗು ತಡೆಯುವುದೇ? ನಂಬರು ಕೊರೆದ ರೈಫಲ್ ಚೌಕಟ್ಟನ್ನು ಕಾಗದಪತ್ರ ಸಹಿತ ಲೂನಿಂದಲೇ ಕೊಂಡೆ, ನಳಿಗೆ ತರಿಸಿದೆ, ಅವಳಪ್ಪನ ಸೌನಾ ಹಬೆಮನೆಯ ಹಿಂದೆ ಬಿದ್ದಿದ್ದ ಮೇಪಲ್ ಮರದಿಂದ ಹಿಡಿ ಕೆತ್ತಲು ಕೂತೆ. ಅವಳ ಕೈ ತೆಳ್ಳಗಾದಂತೆಲ್ಲ ಹಿಡಿಯನ್ನೂ ಮತ್ತೆ ಮತ್ತೆ ತೆಳ್ಳಗೆ ಕೆತ್ತಿದೆ. ಅವಳು ಕಾಫಿ ಹಿಡಿದು ನೆಲಮಾಳಿಗೆಯ ಮೆಟ್ಟಿಲಿಳಿದು, "ಇದು ಬಂದೂಕೋ, ಚರ್ಚಿನ ಆರ್ಗನ್ನೋ?" ಎನ್ನುವಳು. ಕಡೆಕಡೆಗೆ ಕಾಫಿ ಬರಲಿಲ್ಲ. ಬಟ್ಟಲು ಹಿಡಿದು ಮೆಟ್ಟಿಲಿಳಿಯಲು ಅವಳಿಂದಾಗುತ್ತಿರಲಿಲ್ಲ.

ಹದಿನೈದು ತಿಂಗಳು ಹಿಡಿಯಿತು ಅಧ್ಯಕ್ಷರೇ. ಎರಡು ಬೇಸಿಗೆ ಸೇರಿ ಹದಿನಾರು ಪಂದ್ಯದ ಶನಿವಾರಗಳು. ಅಂಗಡಿಯ ರೈಫಲ್ ಕೊಡಿಸಿದ್ದರೆ ಬೆರಳು ನೆಟ್ಟಗಿದ್ದಾಗಲೇ ಹದಿನಾರು ಸಲ ಹೊಡೆದಿರುತ್ತಿದ್ದಳು. ಕಟ್ಟಿದ್ದು ಮೇಲೋ ಕೊಂಡದ್ದು ಮೇಲೋ ಎಂದು ನಿಮ್ಮ ಸಮಿತಿ ಮೂರು ಸಭೆ ನಡೆಸಿತಂತೆ. ನನ್ನನ್ನು ಕರೆದಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ: ಕೈಯಲ್ಲಿ ಕಾಲವಿದ್ದವನು ಕಟ್ಟಲಿ, ಇಲ್ಲದವನು ಕೊಳ್ಳಲಿ. ನನ್ನ ಹೆಂಡತಿಗೆ ಕಾಲವಿರಲಿಲ್ಲ, ನಾನು ನನ್ನ ಹಟಕ್ಕೆ ಬಿದ್ದು ಕಟ್ಟುತ್ತಾ ಕೂತೆ.

ಆದರೆ ನಿಮ್ಮ ತಕರಾರು ಕಾಲದ್ದಲ್ಲ, ಮೋಸದ್ದು. ಮನೆಯಲ್ಲಿ ಕಟ್ಟಿದ ರೈಫಲ್ ಮೋಸಕ್ಕೆ ಎಡೆ ಮಾಡಿಕೊಡುತ್ತದೆ ಎಂದು ಬರೆದಿದ್ದೀರಿ. ಸ್ವಾಮಿ, ಅಂಗಡಿಯ ರೈಫಲ್ಲಿನ ಟ್ರಿಗರ್ ಹಗುರ ಮಾಡಲು ಎಷ್ಟು ಹೊತ್ತು ಬೇಕೆಂದು ಬಲ್ಲಿರಾ? ನಿಮ್ಮ ಸಮಿತಿಯ ಇಬ್ಬರು ಸದಸ್ಯರಿಗೆ ನಾನೇ ಮಾಡಿಕೊಟ್ಟಿದ್ದೇನೆ. ಟ್ರಿಗರಿನ ತೂಕ ಕೇಳದ ಮುಕ್ತ ವರ್ಗಕ್ಕೆ ಎಂದು ಹೇಳಿ ಮಾಡಿಸಿಕೊಂಡರು, ನಾನೂ ನಂಬಿದ್ದೇನೆ. ರೈಫಲ್ಲಿಗೆ ತಾನು ಹುಟ್ಟಿದ್ದು ಕಾರ್ಖಾನೆಯಲ್ಲೋ ನೆಲಮಾಳಿಗೆಯಲ್ಲೋ ಎಂಬುದು ಗೊತ್ತಿರುವುದಿಲ್ಲ. ಮೋಸ ಮಾಡುವುದು ಕೈ. ಹಾಗಾದರೆ ಸೆಪ್ಟೆಂಬರಿನಲ್ಲಿ ಮೋಸ ಮಾಡಿದ್ದು ಯಾರ ಕೈ? ಈ ಒಂದು ಪ್ರಶ್ನೆಯನ್ನು ನಿಮ್ಮ ಮೂರು ಸಭೆಗಳಲ್ಲಿ ಒಬ್ಬರಾದರೂ ಕೇಳಿದರೇ?

ನನ್ನ ಕೈ, ಅಧ್ಯಕ್ಷರೇ. ಇದನ್ನು ಎಲ್ಲರೂ ಓದಲಿ ಎಂದೇ ವಾರಪತ್ರಿಕೆಗೆ ಕೊಟ್ಟಿದ್ದೇನೆ, ಲೂನ ಅಂಗಡಿಯ ಬಾಗಿಲಿಗೂ ಒಂದು ಪ್ರತಿ ಅಂಟಿಸುತ್ತೇನೆ.

ಸಾಮಾನ್ಯ ವರ್ಗದಲ್ಲಿ ಟ್ರಿಗರ್ ಮೂರು ಪೌಂಡಿನ ಭಾರ ತಡೆಯಬೇಕು, ಅದಕ್ಕಿಂತ ಕಡಿಮೆಗೆ ಬಿಟ್ಟುಕೊಳ್ಳಬಾರದು. ನಾನು ಕಟ್ಟಿದ್ದು ಮೂರೂಕಾಲು ತಡೆಯುತ್ತಿತ್ತು. ಪಂದ್ಯದ ದಿನ ಬೆಳಿಗ್ಗೆ ಖಾಲಿ ರೈಫಲ್ ಹಿಡಿದು ಅಭ್ಯಾಸ ಮಾಡುವಾಗ ಅವಳು ಎರಡು ಬೆರಳು ಹಾಕಿ ಎಳೆಯುವುದನ್ನು ಕಂಡೆ. ತೂಕದ ಗೊಡವೆಯಿಲ್ಲದ ಮುಕ್ತ ವರ್ಗಕ್ಕೆ ಹೋಗೋಣವೆಂದೆ. "ಅಲ್ಲಿರೋರೆಲ್ಲ ದುರ್ಬೀನು ಹೊತ್ಕೊಂಡು ಬರೋ ವಕೀಲ್ರು, ಹಲ್ಲಿನ ಡಾಕ್ಟ್ರು. ನಾನು ನಮ್ಮೋರ ಜೊತೆ ಹೊಡೀತೀನಿ," ಎಂದಳು. ಕಾಯಿಲೆಯವರಿಗೆ ವಿನಾಯಿತಿ ಇದೆಯಲ್ಲ, ಡಾಕ್ಟರ ಪತ್ರವನ್ನು ಮೈದಾನದ ಸೂಚನಾಫಲಕಕ್ಕೆ ಹಚ್ಚಿದರಾಯಿತು ಎಂದೆ. "ನನ್ನ ಕಾಯಿಲೇನ ಬೋರ್ಡಿಗೆ ಅಂಟಿಸ್ತೀಯಾ? ಮಾನ ಇದೆಯೇನೋ ನಿಂಗೆ?" ಎಂದು ಅಡುಗೆಮನೆಗೆ ಹೋಗಿ ಬುತ್ತಿಗೆ ಪ್ಯಾಸ್ಟಿ ಕಡುಬುಗಳನ್ನು ಕಾಗದದಲ್ಲಿ ಸುತ್ತತೊಡಗಿದಳು. ಅವಳ ಬೆನ್ನು ಇತ್ತ ತಿರುಗಿದ್ದಾಗ ನಾನು ಟ್ರಿಗರ್ ಹಗುರ ಮಾಡುವ ಸ್ಕ್ರೂ ತಿರುಗಿಸಿದೆ. ಹೇಳಲಿಲ್ಲ. ಅವಳು ಗೆಲ್ಲಲಿ ಎಂದು ಮಾಡಿದ್ದಲ್ಲ, ಮೂವತ್ತು ಗುಂಡು ಮುಗಿಸಲಿ ಎಂದು ಮಾಡಿದ್ದು. ಪಂದ್ಯ ಮುಗಿದ ಮೇಲೆ ಮೊದಲ ಮೂವರ ರೈಫಲ್ ಮಾತ್ರ ತೂಗುತ್ತಾರೆ. ಅವಳು ಆ ಮೂವರಲ್ಲಿ ಬರುತ್ತಾಳೆಂದು ನಾನು ಎಣಿಸಿರಲೇ ಇಲ್ಲ. ನಲವತ್ತೊಂದು ವರ್ಷ ಜೊತೆಗೆ ಬಾಳಿದವನು ಹೆಂಡತಿಯನ್ನು ಅರಿತದ್ದು ಇಷ್ಟೇ.

ಎರಡನೆಯವಳಾಗಿ ಬಂದಳು. ಮುನ್ನೂರಕ್ಕೆ ಇನ್ನೂರ ಎಂಬತ್ತೊಂದು ಅಂಕ. ಚಪ್ಪಾಳೆಯಾಯಿತು, ನೀವೂ ತಟ್ಟಿದಿರಿ. ಆಮೇಲೆ ತೂಕದ ಮೇಜಿನಲ್ಲಿದ್ದ ಹೆಂಗಸು ಖಾಲಿ ರೈಫಲನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರಿಗೆ ಕೊಕ್ಕೆ ಹಾಕಿ ಮೂರು ಪೌಂಡಿನ ಬಟ್ಟನ್ನು ಎತ್ತಿದಳು. ಬಟ್ಟು ಮೇಲೇಳುವ ಮೊದಲೇ ಟ್ರಿಗರ್ ಟಕ್ ಎಂದು ಬಿಟ್ಟುಕೊಂಡಿತು. "ಇನ್ನೊಂದ್ಸಲ ನೋಡೋಣ," ಎಂದಳು ಪಾಪ, ಒಳ್ಳೆಯವಳು. ಮತ್ತೆ ಟಕ್. ಮೂರನೆಯ ಸಲವೂ ಟಕ್. ಡೊರೀನ್ ತಿರುಗಿ ನನ್ನನ್ನು ನೋಡಿದಳು. ಒಂದೇ ಕ್ಷಣ.

ನೀವು ಗಟ್ಟಿಯಾಗಿ ಕೇಳಿದಿರಿ: "ಇದನ್ನ ಮುಟ್ಟಿದ್ದು ಯಾರು?"

"ನಾನೇ," ಎಂದಳು ಡೊರೀನ್. "ಬೆಳಿಗ್ಗೆ ಸ್ಕ್ರೂ ತಿರುಗಿಸ್ದೆ. ಆರ್ನಿಗೆ ಗೊತ್ತಿಲ್ಲ."

"ನಿಮ್ಮಿಂದ ಇಂಥದ್ದನ್ನ ನಾನು ನಿರೀಕ್ಷೆ ಮಾಡಿರ್ಲಿಲ್ಲ," ಎಂದಿರಿ ನೀವು.

ಅರ್ಧ ಗಂಟೆ ಮುಂಚೆ ಗಾಳಿ ಎದ್ದಾಗ, ನಿಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿ, ನಾನು ಅವಳ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದ್ದೆ. ನೀವು ನೋಡಿದ್ದಿರಿ, ನಕ್ಕು "ಹೊಸ ಮದುವೇನಾ?" ಎಂದು ಚೇಷ್ಟೆಯನ್ನೂ ಮಾಡಿದ್ದಿರಿ. ಕೋಟಿನ ಗುಂಡಿ ಹಾಕಿಕೊಳ್ಳಲಾಗದ ಬೆರಳು ಅಕ್ಕಿ ಕಾಳಿನಷ್ಟು ಸ್ಕ್ರೂ ತಿರುಗಿಸಿತೆಂದು ನಂಬಿ ದಾಖಲೆ ಪುಸ್ತಕದಲ್ಲಿ ಬರೆದುಕೊಂಡಿರಲ್ಲ, ನಿಮ್ಮ ಕಣ್ಣು ಎಲ್ಲಿತ್ತು? ಹೋಗಲಿ, ನಿಮ್ಮನ್ನು ಅಂದು ಏನು ಪ್ರಯೋಜನ. ನನ್ನ ಬಾಯಿ ಎಲ್ಲಿತ್ತು? ಹೆಂಡತಿಯ ಪದಕ ಕಿತ್ತುಕೊಂಡರು, ನಾನು ರೈಫಲನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ.

ಸರೋವರದ ದಂಡೆಯ ರಸ್ತೆ ಹಿಡಿದು ಮನೆಗೆ ಹೊರಟೆವು. ಕಡೆಗೆ ನಾನೇ ಕೇಳಿದೆ: "ಯಾಕೆ ಹಂಗಂದೆ?"

"ನೀನು ಇನ್ನೂ ಇಪ್ಪತ್ತು ವರ್ಷ ಈ ಜನದ ಮಧ್ಯೆ ಬಾಳ್ಬೇಕು. ಎಲ್ಲರ ಬಂದೂಕೂ ರಿಪೇರಿಗೆ ನಿನ್ನ ಕೈಗೇ ಬರತ್ತೆ. ನಾನು ಕ್ರಿಸ್‌ಮಸ್ ನೋಡಿದ್ರೆ ಹೆಚ್ಚು. ನನ್ನ ಹೆಸರು ತಾನೆ, ಹೋದ್ರೆ ಹೋಗ್ಲಿ ಬಿಡು."

"ನಾಳೆ ಹೋಗಿ ಹೇಳ್ತೀನಿ."

"ಹೇಳಿ ನೋಡು, ಸೌನಾ ಒಳಗೆ ನೂಕಿ ಚಿಲಕ ಹಾಕ್ಬಿಡ್ತೀನಿ."

"ನಿನ್ನ ಕೈಲಿ ಚಿಲಕ ಹಾಕೋಕಾಗಲ್ಲ."

"ಲೂನ ಕರೆಸ್ತೀನಿ."

ನಕ್ಕೆವು. ಆ ನಗುವಿನ ಮರೆಯಲ್ಲಿ ನಾನು ತಪ್ಪಿಸಿಕೊಂಡೆ. ನಾಳೆ ಎಂದದ್ದು ನಾಳಿದ್ದಾಯಿತು, ಜಿಂಕೆ ಬೇಟೆಯ ಕಾಲ ಬಂತು, ಹಿಮ ಬಿತ್ತು. ಕ್ರಿಸ್‌ಮಸ್ ನೋಡಿದಳು. ಫೆಬ್ರವರಿಯಲ್ಲಿ ಹೋದಳು. ಮಣ್ಣು ಮಾಡಿದ ಮೇಲೆ ಚರ್ಚಿನ ಕೆಳಕೋಣೆಯಲ್ಲಿ ಹಾಕಿದ ಊಟಕ್ಕೆ ಪಂದ್ಯದ ಮೈದಾನದವರು ಮೂರೇ ಜನ ಬಂದರು, ಆ ಮೂವರೂ ಅವಳ ಗುರಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಇಪ್ಪತ್ತೊಂಬತ್ತು ವರ್ಷ ಊರಿಗೆ ಊಟ ಹಾಕಿದವಳ ಊಟವದು. ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ.

ಹೋದ ವಾರ ರೈಫಲ್ ಪೆಟ್ಟಿಗೆ ತೆರೆದೆ. ಸ್ಪಂಜಿನ ಕೆಳಗೆ ಅವಳ ಗುರಿ ಪುಸ್ತಕವಿತ್ತು. ಪ್ರತಿ ಸುತ್ತಿನ ನಂತರ ಗಾಳಿ, ಬೆಳಕು, ಗುಂಡು ಬಿದ್ದ ಜಾಗ ಬರೆದಿಡುವ ಸಣ್ಣ ಪುಸ್ತಕ. ನಿಮ್ಮಲ್ಲೂ ಒಂದಿರುತ್ತದೆ. ಕೊನೆಯ ಪುಟ ಆ ಸೆಪ್ಟೆಂಬರಿನದು, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಎರಡನೇ ಸುತ್ತಿನ ಕೆಳಗೆ ಹೀಗಿದೆ:

"ಗಾಳಿ ಎಡದಿಂದ. ಹತ್ತೂ ಒಳಗೆ. ಬೆರಳು ಇವತ್ತು ಹೇಳಿದ ಮಾತು ಕೇಳ್ತಿದೆ! ಒಂದೇ ಬೆರಳಲ್ಲಿ ಎಳೀತಿದೀನಿ. ಕೈಗೆ ಬಲ ವಾಪಸ್ ಬರ್ತಿದೆ. ಡಾಕ್ಟ್ರು ತಪ್ಪು ಹೇಳಿರ್ಬೇಕು. ಈಗ್ಲೇ ಹೇಳಿದ್ರೆ ಆರ್ನಿ ಅಳ್ತಾನೆ, ಮನೆಗೆ ಹೋಗ್ತಾ ಹೇಳ್ಬೇಕು."

ಮನೆಗೆ ಹೋಗುತ್ತಾ ಅವಳು ಅದನ್ನು ಹೇಳಲಿಲ್ಲ. ಅಷ್ಟರಲ್ಲಿ ನೀವು ಬಟ್ಟು ಎತ್ತಿಸಿದ್ದಿರಿ. ಗಂಡ ಸ್ಕ್ರೂ ತಿರುಗಿಸಿದ್ದಾನೆ, ತನ್ನ ಬೆರಳಿಗೆ ಯಾವ ಬಲವೂ ಬಂದಿಲ್ಲ, ಡಾಕ್ಟರು ಹೇಳಿದ್ದೇ ನಿಜ ಎಂಬುದೆಲ್ಲ ಅವಳಿಗೆ ಆ ಒಂದು ಟಕ್ ಶಬ್ದದಲ್ಲಿ ತಿಳಿಯಿತು. ತಿಳಿದು ನನ್ನನ್ನು ನೋಡಿದಳು. ನೋಡಿ, "ನಾನೇ" ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅವಳ ಅಂಕ ಮರಳಿ ಕೊಡಿ ಎಂದು ಕೇಳುವುದಿಲ್ಲ, ಟ್ರಿಗರ್ ಹಗುರವಿದ್ದದ್ದು ಹೌದು. ಮನೆಯಲ್ಲಿ ಕಟ್ಟುವವರನ್ನು ಬೇಕಾದರೆ ನಿಷೇಧಿಸಿ, ಬಿಡಿ, ಅದು ನಿಮ್ಮ ವಿವೇಕ. ನಾನಂತೂ ಇನ್ನು ಒಂದನ್ನೂ ಕಟ್ಟುವುದಿಲ್ಲ. ಆದರೆ ಆ ಸುತ್ತೋಲೆಯಲ್ಲಿ, ದಾಖಲೆ ಪುಸ್ತಕದಲ್ಲಿ, "ಮೋಸ" ಎಂಬ ಪದದ ಮುಂದೆ ಎಲ್ಲೆಲ್ಲಿ ಅವಳ ಹೆಸರಿದೆಯೋ ಅಲ್ಲೆಲ್ಲ ಹೊಡೆದುಹಾಕಿ ನನ್ನ ಹೆಸರು ಬರೆಯಿರಿ. ಜೂನ್ ಮೊದಲ ಶನಿವಾರ ಪಂದ್ಯಕ್ಕೆ ಮುಂಚೆ ಎಲ್ಲರೆದುರು ಓದಿ ಹೇಳಿ. ನಾನು ತೂಕದ ಮೇಜಿನ ಪಕ್ಕದಲ್ಲೇ ನಿಂತಿರುತ್ತೇನೆ. ಆ ದಿನ ಕೇಳಿದ ಪ್ರಶ್ನೆಯನ್ನೇ ಇನ್ನೊಮ್ಮೆ ಗಟ್ಟಿಯಾಗಿ ಕೇಳಿ.

ಇಂತಿ,
ಮೊದಲ ಸಲ ಕೇಳಿದಾಗ ಹೆಂಡತಿಯ ಹಿಂದೆ ಅಡಗಿಕೊಂಡವನು,
ಆರ್ನಿ ಹಿಲ್ತುನೆನ್